ರೋಕ್‌ಬಿ ಮನೆಯ ಕಾಗದಪತ್ರಗಳು

ಅಮೆರಿಕದ ವರ್ಮಾಂಟ್ ರಾಜ್ಯದ ಫೆರಿಸ್‌ಬರ್ಗ್‌ನಲ್ಲಿ ರೋಕ್‌ಬಿ ಎಂಬ ತೋಟದ ಮನೆಯಿದೆ. ರಾಬಿನ್‌ಸನ್ ಎಂಬ ಕ್ವೇಕರ್ ಕುಟುಂಬದ ನಾಲ್ಕು ತಲೆಮಾರುಗಳು 1793ರಿಂದ 1961ರವರೆಗೆ ಅಲ್ಲಿ ಬಾಳಿದವು. ಬಂದ ಕಾಗದವನ್ನು ಓದಿ ಹರಿದೆಸೆಯುವ ಅಭ್ಯಾಸ ಆ ಮನೆಯಲ್ಲಿರಲಿಲ್ಲ. ನೆಂಟರ ಪತ್ರ, ವ್ಯಾಪಾರದ ಲೆಕ್ಕ, ದಿನಚರಿ, ಮಕ್ಕಳ ಚಿತ್ರ ಎಲ್ಲವೂ ಪೆಟ್ಟಿಗೆ ಸೇರಿದವು. ಹೀಗೆ ಕೂಡಿಬಿದ್ದ ಸಾವಿರಾರು ಪತ್ರಗಳು ಇಂದು ಗುಲಾಮಗಿರಿ ವಿರೋಧಿ ಚಳವಳಿಯನ್ನು ಅಭ್ಯಾಸ ಮಾಡುವವರಿಗೆ ದೊಡ್ಡ ಆಕರ.

ಥಾಮಸ್ ಮತ್ತು ಜೆಮಿಮಾ ರಾಬಿನ್‌ಸನ್ ದಂಪತಿ ರೋಡ್ ಐಲೆಂಡ್‌ನ ನ್ಯೂಪೋರ್ಟ್‌ನಿಂದ ಉತ್ತರಕ್ಕೆ ವಲಸೆ ಬಂದವರು. ಮೆರಿನೋ ಕುರಿಗಳ ಉಣ್ಣೆ ಕುಟುಂಬದ ಕೈ ಹಿಡಿಯಿತು. ಅವರ ಮಗ ರೋಲಂಡ್ ಥಾಮಸ್ ರಾಬಿನ್‌ಸನ್ (1796–1879) ಹಾಗೂ ಸೊಸೆ ರೇಚೆಲ್ ಗಿಲ್ಪಿನ್ ಕಾಲದಲ್ಲಿ ಈ ಮನೆ ಗುಲಾಮಗಿರಿಯ ವಿರುದ್ಧ ನಿಂತವರ ತಂಗುದಾಣವಾಯಿತು. ಗುಲಾಮರ ದುಡಿಮೆಯಿಂದ ಬಂದ ಸಕ್ಕರೆ ಮತ್ತು ಹತ್ತಿ ಬಟ್ಟೆಯನ್ನು ರೇಚೆಲ್ ಮುಟ್ಟುತ್ತಿರಲಿಲ್ಲ.

ಕ್ವೇಕರರಿಗೂ ಬರವಣಿಗೆಗೂ ನಂಟು ಹಳೆಯದು. ಹದಿನೇಳನೆಯ ಶತಮಾನದ ನಡುವೆ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಬೋಧನೆಯಿಂದ ಹುಟ್ಟಿದ ಈ ಪಂಥದ ನಿಜವಾದ ಹೆಸರು 'ಮಿತ್ರರ ಸಂಘ'. ಪ್ರತಿಯೊಬ್ಬರ ಒಳಗೂ ದೇವರ ಬೆಳಕಿದೆ, ಅದನ್ನು ಕಾಣಲು ನಡುವೆ ಪುರೋಹಿತರು ಬೇಕಿಲ್ಲ ಎಂಬುದು ಅವರ ನಂಬಿಕೆ. ಆ ಬೆಳಕು ತನ್ನನ್ನು ಎತ್ತ ನಡೆಸಿತು, ಎಲ್ಲಿ ತಾನು ತಪ್ಪಿದೆ ಎಂಬುದನ್ನು ಬರೆದಿಡುವುದು ಅವರಿಗೆ ಸಾಧನೆಯ ಒಂದು ಭಾಗ. ಫಾಕ್ಸ್‌ನ ಆತ್ಮವೃತ್ತಾಂತ 1694ರಲ್ಲಿ, ಅದೇ ಪಂಥದ ಜಾನ್ ವೂಲ್ಮನ್‌ನದು 1774ರಲ್ಲಿ, ಎರಡೂ ಅವರು ತೀರಿಕೊಂಡ ಮೇಲೆ ಅಚ್ಚಾದವು. ಸಾಮಾನ್ಯ ಗೃಹಸ್ಥರೂ ಗೃಹಿಣಿಯರೂ ದಿನಚರಿ ಹಿಡಿದದ್ದು ಇದೇ ದಾರಿಯಲ್ಲಿ.

ಹೀಗೆ ಬರೆದಿಡಲು ಇನ್ನೊಂದು ಕಾರಣವೂ ಇತ್ತು. ಸತ್ತವರ ಗೋರಿಯ ಮೇಲೆ ಹೆಸರು ಕೆತ್ತಿದ ಕಲ್ಲು ನಿಲ್ಲಿಸುವುದು ಆಡಂಬರವೆಂದು ಕ್ವೇಕರರು ಬಹುಕಾಲ ಅದನ್ನು ದೂರವಿಟ್ಟಿದ್ದರು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಷ್ಟೇ ಸರಳವಾದ ಸಣ್ಣ ಕಲ್ಲಿಗೆ ಒಪ್ಪಿಗೆ ಸಿಕ್ಕಿತು. ಹಳೆಯ ಕ್ವೇಕರ್ ಸ್ಮಶಾನಗಳಲ್ಲಿ ಹುಲ್ಲು ಬಿಟ್ಟರೆ ಬೇರೆ ಗುರುತು ಕಾಣದಿರುವುದುಂಟು. ಯಾರು ಎಂದು ಹುಟ್ಟಿದರು, ಎಂದು ತೀರಿಕೊಂಡರು ಎನ್ನುವುದಕ್ಕೆ ಕಾಗದವೇ ಸಾಕ್ಷಿ.

ಪ್ರತಿ ತಿಂಗಳು ಸೇರುವ ಊರಿನ ಕ್ವೇಕರ್ ಸಭೆ ಆ ಕಾಗದವನ್ನು ಅಚ್ಚುಕಟ್ಟಾಗಿ ಕಾಪಾಡಿತು. ಜನನ, ಮರಣ, ಮದುವೆ, ಬೇರೆ ಊರಿಗೆ ಹೊರಟವರಿಗೆ ಕೊಟ್ಟ ಪರಿಚಯಪತ್ರ, ಪಂಥದ ಹೊರಗೆ ಮದುವೆಯಾದ ಕಾರಣಕ್ಕೆ ಸದಸ್ಯತ್ವ ಕಳೆದುಕೊಂಡವರ ಹೆಸರು ಇವೆಲ್ಲ ಸಭೆಯ ಪುಸ್ತಕಗಳಲ್ಲಿವೆ. ಕ್ವೇಕರ್ ಮದುವೆಯಲ್ಲಿ ಪಾದ್ರಿ ಇರುವುದಿಲ್ಲ. ವಧೂವರರು ತಾವೇ ಮಾತು ಕೊಟ್ಟು ಸಹಿ ಮಾಡಿದ ಮೇಲೆ ನೆರೆದವರೆಲ್ಲ ಅದೇ ಹಾಳೆಗೆ ಸಾಕ್ಷಿ ಹಾಕುತ್ತಾರೆ. ವಂಶಾವಳಿ ಬರೆಯುವವರಿಗೆ ಇಂಥ ಒಂದು ಹಾಳೆ ಸಿಕ್ಕರೆ ಆ ದಿನ ನೆರೆದಿದ್ದ ಬಂಧುಬಳಗವೇ ಸಿಕ್ಕಂತೆ.

ಈ ಪುಸ್ತಕಗಳನ್ನು ಓದುವುದಕ್ಕೂ ಒಂದು ತಿಳಿವಳಿಕೆ ಬೇಕು. ವಾರ ಮತ್ತು ತಿಂಗಳ ಇಂಗ್ಲಿಷ್ ಹೆಸರುಗಳಲ್ಲಿ ಅನ್ಯದೇವತೆಗಳ ನೆನಪಿದೆಯೆಂದು ಕ್ವೇಕರರು 'ಮೊದಲ ತಿಂಗಳು', 'ಎರಡನೆಯ ತಿಂಗಳು' ಎಂದು ಸಂಖ್ಯೆಯಲ್ಲೇ ಬರೆದರು. ಬ್ರಿಟನ್ ಮತ್ತು ಅದರ ವಸಾಹತುಗಳಲ್ಲಿ 1752ರಲ್ಲಿ ಪಂಚಾಂಗ ಬದಲಾಯಿತು. ಅದಕ್ಕೆ ಮುಂಚಿನ ದಾಖಲೆಯಲ್ಲಿ ಮೊದಲ ತಿಂಗಳೆಂದರೆ ಮಾರ್ಚ್, ಆಮೇಲಿನದರಲ್ಲಿ ಜನವರಿ. ಇದನ್ನು ಗಮನಿಸದೆ ಮಾಡಿದ ವಂಶವೃಕ್ಷದಲ್ಲಿ ಮದುವೆಗೆ ಮೊದಲೇ ಮಗು ಹುಟ್ಟಿಬಿಡುತ್ತದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಹಾಡುತ್ತಿದ್ದ ವಿಲಿಯಂ ವೇಡ್ ಹಿನ್‌ಶಾ ಬಾಳಿನ ಕೊನೆಯ ವರ್ಷಗಳನ್ನು ಸಭೆಗಳ ಪುಸ್ತಕಗಳಿಂದ ವಂಶಮಾಹಿತಿ ಹೆಕ್ಕಿಸುವುದಕ್ಕೆ ಮುಡಿಪಿಟ್ಟರು. ಅವರ ಅಮೆರಿಕನ್ ಕ್ವೇಕರ್ ವಂಶಾವಳಿ ವಿಶ್ವಕೋಶದ ಮೊದಲ ಸಂಪುಟ 1936ರಲ್ಲಿ ಹೊರಬಂತು. ಈ ಕೆಲಸಕ್ಕೆ ಕೈ ಹಾಕುವವರು ಇಂದಿಗೂ ಮೊದಲು ತೆರೆಯುವುದು ಆ ಸಂಪುಟಗಳನ್ನೇ.

ಸಭೆಯ ಪುಸ್ತಕ ಹೆಸರು ಮತ್ತು ತಾರೀಖು ಕೊಡುತ್ತದೆ. ಬದುಕು ಸಿಗುವುದು ಪತ್ರಗಳಲ್ಲಿ. ರೋಕ್‌ಬಿಯ ಸಂಗ್ರಹದ ನಿಜವಾದ ಬೆಲೆ ತಿಳಿಯಬೇಕಾದರೆ 1837ರ ಪತ್ರಗಳನ್ನು ನೋಡಬೇಕು. ಆ ವರ್ಷದ ಜನವರಿಯಲ್ಲಿ ಆಲಿವರ್ ಜಾನ್‌ಸನ್ ಎಂಬ ಚಳವಳಿಗಾರ ಪೆನ್ಸಿಲ್ವೇನಿಯದಿಂದ ರೋಲಂಡ್‌ಗೆ ಬರೆದ ಪತ್ರವೊಂದರಲ್ಲಿ ಸೈಮನ್ ಎಂಬ ಯುವಕನ ವಿಷಯವಿದೆ. ಸೈಮನ್ ಮೇರಿಲ್ಯಾಂಡ್‌ನ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವನು, ಬೇಸಾಯದ ಬಹುತೇಕ ಎಲ್ಲ ಕೆಲಸ ಬಲ್ಲವನು, ಕುದುರೆ ನಿಭಾಯಿಸುವುದರಲ್ಲಿ ಗಟ್ಟಿಗ. ಕೆನಡಾಕ್ಕೆ ಹೋಗುವ ಯೋಚನೆಯಲ್ಲಿದ್ದರೂ ಅಪಾಯವಿಲ್ಲವೆಂದಾದರೆ ಅಮೆರಿಕದಲ್ಲೇ ಉಳಿಯಲು ಅವನಿಗೆ ಇಷ್ಟ, ನಿಮ್ಮಲ್ಲಿ ಅವನಿಗೆ ಭಯವಿರುವುದಿಲ್ಲ ಎಂದು ಜಾನ್‌ಸನ್ ಬರೆಯುತ್ತಾನೆ.

ಅದೇ ವರ್ಷದ ಇನ್ನೊಂದು ಪತ್ರ ಓದುವವರ ಮನಸ್ಸನ್ನು ಕಲಕುತ್ತದೆ. ನಾರ್ತ್ ಕ್ಯಾರೊಲೈನದಿಂದ ಓಡಿಬಂದ ಜೆಸ್ಸಿ ಎಂಬಾತ ರೋಕ್‌ಬಿಯಲ್ಲಿ ದುಡಿದು 150 ಡಾಲರ್ ಉಳಿಸಿದ್ದ. ಆ ಹಣದಿಂದ ತನ್ನ ಸ್ವಾತಂತ್ರ್ಯವನ್ನು ಕಾನೂನುಬದ್ಧವಾಗಿ ಕೊಳ್ಳಬೇಕೆಂಬುದು ಅವನ ಆಸೆ. ಅವನ ಪರವಾಗಿ ರೋಲಂಡ್ ಹಳೆಯ ಒಡೆಯ ಎಫ್ರೇಮ್ ಎಲಿಯಟ್‌ಗೆ ಬರೆದ. ಎಲಿಯಟ್ ಕೇಳಿದ್ದು 300 ಡಾಲರ್. ಓಡಿಹೋಗುವ ಮೊದಲಾಗಿದ್ದರೆ ಇದರ ಮೂರರಷ್ಟು ಸಿಗುತ್ತಿತ್ತು ಎಂಬ ಒಕ್ಕಣೆ ಬೇರೆ. ಮನುಷ್ಯನಿಗೆ ದನದಂತೆ ಬೆಲೆ ಕಟ್ಟಿದ ಆ ಕಾಗದ ಅವನಿಗೆ ಆಶ್ರಯ ಕೊಟ್ಟವರ ಮನೆಯಲ್ಲೇ ಉಳಿದುಬಂತು.

ಗುಲಾಮರು ಪಾರಾಗಲು ನೆರವಾದ 'ಅಂಡರ್‌ಗ್ರೌಂಡ್ ರೈಲ್‌ರೋಡ್' ಎಂಬ ಜಾಲದ ಬಗ್ಗೆ ಅಮೆರಿಕದಲ್ಲಿ ಬೇಕಾದಷ್ಟು ದಂತಕಥೆಗಳಿವೆ. ಗುಪ್ತ ಕೋಣೆ, ಸುರಂಗ, ನಡುರಾತ್ರಿಯ ಗಾಡಿ, ಬೆನ್ನಟ್ಟಿ ಬರುವ ಬೇಟೆಗಾರರು ಎಲ್ಲವೂ ಅವುಗಳಲ್ಲಿ ಬರುತ್ತವೆ. ಪತ್ರಗಳು ಹೇಳುವ ಸತ್ಯ ಬೇರೆ. ದಕ್ಷಿಣದಿಂದ ಅಷ್ಟು ದೂರದ ವರ್ಮಾಂಟ್‌ಗೆ ಹಿಡಿಯುವವರು ಬರುವುದು ಅಪರೂಪ. ಬಂದವರು ಅಡಗಿ ಕೂರಲಿಲ್ಲ, ಹಗಲಲ್ಲೇ ಹೊಲದಲ್ಲಿ ಕೂಲಿ ಪಡೆದು ದುಡಿದರು, ಹಣ ಕೂಡಿಟ್ಟರು, ಮುಂದಿನ ಬದುಕಿನ ಲೆಕ್ಕ ಹಾಕಿದರು. ದಂತಕಥೆಯಲ್ಲಿ ಓಡಿಬಂದವನು ಹೆಸರಿಲ್ಲದ ನೆರಳು. ಪತ್ರದಲ್ಲಿ ಅವನಿಗೆ ಹೆಸರಿದೆ, ಕಸುಬಿದೆ, ಸ್ವಂತ ಆಸೆಯಿದೆ.

ಇಂಥ ಪತ್ರವನ್ನು ಉಳಿಸುವುದು ತಾಳ್ಮೆಯ ಕೆಲಸ. ಅಮೆರಿಕದಲ್ಲಿ 1845ರವರೆಗೆ ಅಂಚೆ ದರ ಹಾಳೆಗಳ ಎಣಿಕೆ ಮತ್ತು ದೂರದ ಮೇಲೆ ನಿಂತಿತ್ತು. ಲಕೋಟೆಯೂ ಒಂದು ಹಾಳೆಯ ಲೆಕ್ಕಕ್ಕೆ ಬರುತ್ತಿದ್ದುದರಿಂದ ಪತ್ರವನ್ನೇ ಮಡಿಚಿ, ಅರಗು ಒತ್ತಿ, ಬೆನ್ನಿಗೆ ವಿಳಾಸ ಬರೆಯುತ್ತಿದ್ದರು. ಹಾಳೆ ತುಂಬಿದರೆ ಅದನ್ನೇ ಅಡ್ಡ ತಿರುಗಿಸಿ ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆದದ್ದೂ ಉಂಟು. ಮಡಿಕೆಗಳಲ್ಲಿ ಕಾಗದ ಹರಿಯುತ್ತದೆ, ಕಬ್ಬಿಣಾಂಶದ ಶಾಯಿ ಅಕ್ಷರದ ಜಾಗದಲ್ಲೇ ಅದನ್ನು ತಿನ್ನುತ್ತದೆ. ಆದರೂ ಚಿಂದಿ ಬಟ್ಟೆಯಿಂದ ಮಾಡಿದ ಆ ಕಾಲದ ಕಾಗದ ಗಟ್ಟಿ. ಶತಮಾನದ ಕೊನೆಯ ದಶಕಗಳ ಮರದ ತಿರುಳಿನ ಕಾಗದವೇ ಬೇಗ ಕಂದಿ ಪುಡಿಯಾಗುತ್ತದೆ.

ಪತ್ರಾಗಾರದವರು ಮಾಡುವುದು ಇಷ್ಟು: ತೇವ ತಾಗಿಸಿ ನಿಧಾನವಾಗಿ ಮಡಿಕೆ ಬಿಡಿಸುವುದು, ಪಿನ್ನು ತೆಗೆಯುವುದು, ಆಮ್ಲವಿಲ್ಲದ ರಟ್ಟಿನ ಕಡತದಲ್ಲಿಟ್ಟು ತಂಪಾದ, ಒಣ, ಬೆಳಕು ಕಡಿಮೆಯಿರುವ ಕೋಣೆಯಲ್ಲಿ ಕಾಪಾಡುವುದು. ಗುರುತು ಹಾಕಲು ಬರಿ ಪೆನ್ಸಿಲ್. ಅಂಟುಪಟ್ಟಿ, ಪ್ಲಾಸ್ಟಿಕ್ ಲ್ಯಾಮಿನೇಶನ್ ಹತ್ತಿರ ಬರಕೂಡದು. ಮನೆಗಳಲ್ಲಿ ಒಳ್ಳೆಯ ಉದ್ದೇಶದಿಂದಲೇ ಆಗುವ ದೊಡ್ಡ ಹಾನಿ ಇದು. ಇದಕ್ಕಿಂತ ಮುಖ್ಯವಾದದ್ದು ಮೂಲದ ಜೋಡಣೆ. ಅಂಚೆಚೀಟಿಗಾಗಿಯೋ ದೊಡ್ಡವರ ಸಹಿಗಾಗಿಯೋ ಒಂದೊಂದು ಪತ್ರವನ್ನು ಬಿಡಿಸಿ ಮಾರಿದರೆ ಕಥೆಯೇ ಕಡಿದುಹೋಗುತ್ತದೆ. ಎಲಿಯಟ್‌ನ ಉತ್ತರ ಬೇರೆ ಎಲ್ಲೋ ಸೇರಿದ್ದರೆ ಅದರಲ್ಲಿನ ಜೆಸ್ಸಿ ಯಾರೆಂದು ಹೇಳುವುದು ಕಷ್ಟವಾಗುತ್ತಿತ್ತು.

ರೋಕ್‌ಬಿಯ ಮುಂದಿನ ತಲೆಮಾರಿನ ರೋಲಂಡ್ ಇವಾನ್ಸ್ ರಾಬಿನ್‌ಸನ್ (1833–1900) ವರ್ಮಾಂಟ್‌ನ ಆಡುಮಾತಿನಲ್ಲಿ ಕಥೆ ಬರೆದು ಹೆಸರಾದವರು. ಕಣ್ಣು ಹೋದ ಮೇಲೂ ಗೆರೆ ಕೊರೆದ ಹಲಗೆಯ ಮೇಲೆ ಕಾಗದವಿಟ್ಟು ಬರೆದರು. ಅವರ ಮಗಳು ರೇಚೆಲ್ ರಾಬಿನ್‌ಸನ್ ಎಲ್ಮರ್ ನ್ಯೂಯಾರ್ಕಿನಲ್ಲಿ ಚಿತ್ರಕಾರ್ತಿಯಾದಳು; ನಗರದ ನೋಟಗಳ ಅವಳ ಪೋಸ್ಟ್‌ಕಾರ್ಡ್ ಸರಣಿ 1914ರದು.

ಕುಟುಂಬದ ಕೊನೆಯ ಸೊಸೆ ಎಲಿಜಬೆತ್ 1961ರಲ್ಲಿ ತೀರಿಕೊಂಡಾಗ ಅವರ ಉಯಿಲಿನಂತೆ ಮನೆ ವಸ್ತುಸಂಗ್ರಹಾಲಯವಾಯಿತು. ಪತ್ರಗಳನ್ನು ಹತ್ತಿರದ ಮಿಡಲ್‌ಬರಿಯಲ್ಲಿರುವ ಹೆನ್ರಿ ಶೆಲ್ಡನ್ ಮ್ಯೂಸಿಯಂನ ಸಂಶೋಧನಾ ಕೇಂದ್ರಕ್ಕೆ ಒಪ್ಪಿಸಲಾಯಿತು. 1997ರಲ್ಲಿ ರೋಕ್‌ಬಿಗೆ ರಾಷ್ಟ್ರೀಯ ಐತಿಹಾಸಿಕ ತಾಣದ ಮನ್ನಣೆ ಸಿಕ್ಕಿತು. ಅಲ್ಲಿ 2013ರಲ್ಲಿ ತೆರೆದ ಶಾಶ್ವತ ಪ್ರದರ್ಶನ ಸೈಮನ್ ಮತ್ತು ಜೆಸ್ಸಿಯ ಕಥೆಯನ್ನೇ ಹೇಳುತ್ತದೆ.