ತಾಳಿದವನು ಬಾಳಿಯಾನು... ಆದರೆ ಎಲ್ಲಿಯವರೆಗೆ?

ಚಳಿಗಾಲದ ಶನಿವಾರ, ರಾತ್ರಿ ಎಂಟೂವರೆ ಗಂಟೆ. ಇಂಗ್ಲೆಂಡಿನಲ್ಲಿ ಆಗ ಮಧ್ಯಾಹ್ನ ಮೂರು ಗಂಟೆ, ಫುಟ್ಬಾಲ್ ಪಂದ್ಯಗಳು ಆರಂಭವಾಗುವ ಹೊತ್ತು. ಗಡಿನಾಡಿನ ನಮ್ಮ ಎಷ್ಟೋ ಮನೆಗಳಲ್ಲಿ ಆ ಹೊತ್ತಿಗೆ ಟಿ.ವಿ.ಯ ರಿಮೋಟ್ ಹುಡುಗರ ಕೈಗೆ ಹೋಗುತ್ತದೆ. ಮೆಚ್ಚಿನ ತಂಡ ಗೆದ್ದರೆ ಮನೆಯಲ್ಲಿ ಹಬ್ಬ. ಸೋತರೆ ಊಟದ ತಟ್ಟೆಯ ಮುಂದೆ ಮೌನ. ಆಮೇಲೆ ಒಂದೇ ಮಾತು: "ಆ ಕೋಚನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ?"

"ಏಳು ಸಮುದ್ರದಾಚೆ ಯಾರೋ ಸೋತರೆ ನೀನ್ಯಾಕೆ ಅನ್ನ ಬಿಡುತ್ತೀ ಮಗಾ?" ಎಂದು ಅಜ್ಜಿ ಕೇಳುತ್ತಾರೆ. ನಾವೆಲ್ಲ ನಗುತ್ತೇವೆ. ಆದರೆ ಹುಡುಗನ ಪ್ರಶ್ನೆ ನಗುವಂಥದ್ದಲ್ಲ. ಒಬ್ಬನಿಗೆ ಒಂದು ಕೆಲಸ ಒಪ್ಪಿಸಿದ್ದೇವೆ. ಅದು ಕೈಗೂಡುತ್ತಿಲ್ಲ. ಅವನಿಗಾಗಿ ಎಷ್ಟು ದಿನ ಕಾಯಬೇಕು? ಯಾವಾಗ ಸಾಕು ಎನ್ನಬೇಕು? ಶಾಲೆ ನಡೆಸುವವರಿಗೂ ಅಂಗಡಿ ನಡೆಸುವವರಿಗೂ ಮಕ್ಕಳನ್ನು ಬೆಳೆಸುವವರಿಗೂ ಎದುರಾಗುವ ಪ್ರಶ್ನೆ ಇದು. ಫುಟ್ಬಾಲ್ ಮೈದಾನದಲ್ಲಿ ಇದಕ್ಕೆ ಸಿಕ್ಕ ಕೆಲವು ಉತ್ತರಗಳನ್ನು ಈ ಸಲ ನೋಡೋಣ.

ಬೆಡ್‌ಶೀಟಿನ ಮೇಲೆ ಬರೆದ ಸಿಟ್ಟು

1989ರ ಡಿಸೆಂಬರ್ 9. ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ತವರು ಮೈದಾನವಾದ ಓಲ್ಡ್ ಟ್ರಾಫರ್ಡಿನಲ್ಲಿ ಪಂದ್ಯ. ಎದುರಾಳಿ ಕ್ರಿಸ್ಟಲ್ ಪ್ಯಾಲೇಸ್. ಮೂರು ತಿಂಗಳ ಹಿಂದಷ್ಟೇ ಲಿವರ್‌ಪೂಲ್ ಎದುರು 9-0ರಿಂದ ಸೋತು ನಗೆಪಾಟಲಾಗಿದ್ದ ತಂಡ ಅದು. ಅಂಥ ತಂಡದ ಎದುರೂ ಯುನೈಟೆಡ್ 2-1ರಿಂದ ಸೋತಿತು. ಅಂದು ಅಭಿಮಾನಿಯೊಬ್ಬ ಮನೆಯ ಬೆಡ್‌ಶೀಟಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದುಕೊಂಡು ಬಂದಿದ್ದ. ಮೂರು ವರ್ಷ ನೆಪ ಕೇಳಿದ್ದಾಯಿತು, ಆಟ ಮಾತ್ರ ಇನ್ನೂ ಹೊಲಸು, ಹೋಗಿ ಬಾ ಫರ್ಗಿ, ಎಂಬುದು ಅದರ ಅರ್ಥ.

ಫರ್ಗಿ ಎಂದರೆ ಅಲೆಕ್ಸ್ ಫರ್ಗುಸನ್, ತಂಡದ ಮ್ಯಾನೇಜರ್. ಇಂಗ್ಲೆಂಡಿನಲ್ಲಿ ಮುಖ್ಯ ತರಬೇತುದಾರನನ್ನು ಹಾಗೆ ಕರೆಯುವುದು ವಾಡಿಕೆ. ಯಾರನ್ನು ಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರು ಆಡಬೇಕು ಎಂಬುದೆಲ್ಲ ಆ ಕಾಲದಲ್ಲಿ ಅವನ ಮಾತಿನಂತೆಯೇ ನಡೆಯುತ್ತಿತ್ತು. 1986ರ ನವೆಂಬರಿನಲ್ಲಿ ಫರ್ಗುಸನ್ ಸ್ಕಾಟ್ಲೆಂಡಿನ ಅಬರ್ಡೀನ್ ತಂಡದಿಂದ ಬಂದಾಗ ನಿರೀಕ್ಷೆ ಬಹಳವಿತ್ತು. ಅಬರ್ಡೀನಿನಂಥ ಸಣ್ಣ ತಂಡವನ್ನು ಕಟ್ಟಿ, 1983ರಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನೇ ಸೋಲಿಸಿ ಯುರೋಪಿನ ಕಪ್ ಗೆದ್ದವರು ಅವರು. ಆದರೆ ಮ್ಯಾಂಚೆಸ್ಟರಿನಲ್ಲಿ ಮೊದಲ ಋತುವಿನಲ್ಲಿ 11ನೇ ಸ್ಥಾನ, ಮರುವರ್ಷ 2ನೇ ಸ್ಥಾನ, ಅದರ ಮರುವರ್ಷ ಮತ್ತೆ 11ನೇ ಸ್ಥಾನ. 1989ರ ಬೇಸಿಗೆಯಲ್ಲಿ ಆಟಗಾರರನ್ನು ಕೊಳ್ಳಲು ಹಣವನ್ನೂ ಧಾರಾಳವಾಗಿ ಖರ್ಚು ಮಾಡಿದರು. ಗ್ಯಾರಿ ಪ್ಯಾಲಿಸ್ಟರ್ ಒಬ್ಬರಿಗೇ 23 ಲಕ್ಷ ಪೌಂಡ್ ಕೊಟ್ಟಿದ್ದರು. ಆದರೂ ಆ ಸೆಪ್ಟೆಂಬರಿನಲ್ಲಿ, ಎರಡನೇ ದರ್ಜೆಯಿಂದ ಆಗಷ್ಟೇ ಮೇಲೆ ಬಂದಿದ್ದ ನೆರೆಯ ಮ್ಯಾಂಚೆಸ್ಟರ್ ಸಿಟಿ ತಂಡದ ಕೈಯಲ್ಲಿ 5-1ರ ಸೋಲು. ಆ ದಿನ ನೇರ ಮನೆಗೆ ಹೋಗಿ, ತಲೆಯ ಮೇಲೆ ದಿಂಬು ಇಟ್ಟುಕೊಂಡು ಮಲಗಿದ್ದಾಗಿ ಫರ್ಗುಸನ್ ಮುಂದೆ ಹೇಳಿಕೊಂಡಿದ್ದಾರೆ.

ಈಗ ಆ ಅಭಿಮಾನಿಯ ಕಡೆಯಿಂದ ನೋಡೋಣ. ಕ್ಲಬ್ಬು 1967ರ ನಂತರ ಲೀಗ್ ಗೆದ್ದಿರಲಿಲ್ಲ. ವಾರವೆಲ್ಲ ದುಡಿದು, ಟಿಕೆಟ್ ಕೊಂಡು, ಚಳಿಯಲ್ಲಿ ನಿಂತು ಕೂಗುವವನು ಅವನು. ಕೋಚನ್ನು ನೇಮಿಸುವಾಗ ಅವನನ್ನು ಯಾರೂ ಕೇಳುವುದಿಲ್ಲ, ತೆಗೆಯುವಾಗಲೂ ಕೇಳುವುದಿಲ್ಲ. ಆಟಗಾರ ಇನ್ನೊಂದು ಕ್ಲಬ್ಬಿಗೆ ಹೋಗಬಲ್ಲ, ಕೋಚ್ ಕೂಡ ಹೋಗಬಲ್ಲ. ಬೇಸರವಾಯಿತೆಂದು ನಿಜವಾದ ಅಭಿಮಾನಿ ಎದುರು ತಂಡಕ್ಕೆ ಹೋಗಲಾರ. ಅವನ ಕೈಯಲ್ಲಿ ಉಳಿದದ್ದು ಒಂದು ಬೆಡ್‌ಶೀಟು, ಒಂದಿಷ್ಟು ಬಣ್ಣ. ಪ್ರೀತಿ ಇಲ್ಲದವನು ಅಷ್ಟು ಕಷ್ಟ ಪಡುವುದಿಲ್ಲ. ಆದ್ದರಿಂದ ಅವನ ಸಿಟ್ಟನ್ನು ಹಗುರವಾಗಿ ಕಾಣುವುದು ಬೇಡ.

ಕಣ್ಣಿಗೆ ಬೀಳದ ಕೆಲಸ

ಆಡಳಿತ ಮಂಡಳಿ ಫರ್ಗುಸನ್ನರನ್ನು ತೆಗೆಯಲಿಲ್ಲ. 1990ರ ಜನವರಿ 7ರಂದು ಎಫ್.ಎ. ಕಪ್ ಪಂದ್ಯಾವಳಿಯಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎದುರು ಪಂದ್ಯವಿತ್ತು. ಸೋತರೆ ಫರ್ಗುಸನ್ ಮನೆಗೆ ಎಂದು ಎಲ್ಲರೂ ನಂಬಿದ್ದರು. ಯುವ ಆಟಗಾರ ಮಾರ್ಕ್ ರಾಬಿನ್ಸ್ ತಲೆಯಿಂದ ಹೊಡೆದ ಒಂದೇ ಗೋಲಿನಿಂದ ತಂಡ ಗೆದ್ದಿತು. ಅಲ್ಲಿಂದ ಮುಂದೆ ಒಂದೊಂದೇ ಮೆಟ್ಟಿಲು ಹತ್ತಿ ಮೇ ತಿಂಗಳಲ್ಲಿ ಫೈನಲ್ ತಲುಪಿತು. ಅಲ್ಲಿ ಎದುರಾದದ್ದು ಅದೇ ಕ್ರಿಸ್ಟಲ್ ಪ್ಯಾಲೇಸ್! ಮೊದಲ ಪಂದ್ಯ 3-3ರಲ್ಲಿ ಸಮ. ಮೇ 17ರಂದು ನಡೆದ ಮರುಪಂದ್ಯದಲ್ಲಿ ಲೀ ಮಾರ್ಟಿನ್ ಹೊಡೆದ ಗೋಲಿನಿಂದ 1-0ರ ಜಯ. ಫರ್ಗುಸನ್ ಕಾಲದ ಮೊದಲ ಕಪ್ ಅದು. ಮುಂದಿನ ಕಥೆ ನಮ್ಮ ಮಕ್ಕಳಿಗೂ ಬಾಯಿಪಾಠ. 1993ರಲ್ಲಿ 26 ವರ್ಷಗಳ ನಂತರ ಲೀಗ್ ಪ್ರಶಸ್ತಿ, 1999ರಲ್ಲಿ ಒಂದೇ ಋತುವಿನಲ್ಲಿ ಮೂರು ದೊಡ್ಡ ಕಪ್‌ಗಳು, 2013ರಲ್ಲಿ ನಿವೃತ್ತಿಯ ಹೊತ್ತಿಗೆ 13 ಲೀಗ್ ಪ್ರಶಸ್ತಿ ಸೇರಿ ಒಟ್ಟು 38 ಪ್ರಶಸ್ತಿಗಳು.

"ನೋಡಿದಿರಾ, ಒಂದು ಗೋಲು ಒಬ್ಬನ ಬಾಳನ್ನೇ ಬದಲಿಸಿತು" ಎಂದು ಈ ಕಥೆಯನ್ನು ಹೇಳುವುದುಂಟು. ಆದರೆ ಆ ಪಂದ್ಯ ಸೋತಿದ್ದರೂ ಅವರನ್ನು ತೆಗೆಯುವ ಯೋಚನೆ ತಮಗಿರಲಿಲ್ಲ ಎಂದು ಅಂದಿನ ಚೇರ್ಮನ್ ಮಾರ್ಟಿನ್ ಎಡ್ವರ್ಡ್ಸ್ ಮುಂದೆ ಹೇಳಿದ್ದಾರೆ. ಯಾಕೆ? ಶನಿವಾರದ ಫಲಿತಾಂಶದಲ್ಲಿ ಕಾಣದ ಕೆಲಸ ಒಳಗೆ ನಡೆಯುತ್ತಿತ್ತು. ಕುಡಿತದಿಂದ ಹಾಳಾಗಿದ್ದ ತಂಡದ ಶಿಸ್ತನ್ನು ಅವರು ತಿದ್ದುತ್ತಿದ್ದರು. ಜನಪ್ರಿಯ ಆಟಗಾರರಾದ ಪಾಲ್ ಮೆಗ್ರಾ, ನಾರ್ಮನ್ ವೈಟ್‌ಸೈಡ್ ಇಬ್ಬರನ್ನೂ 1989ರಲ್ಲಿ ಬಿಟ್ಟುಕೊಟ್ಟರು. ಎಳೆಯ ಪ್ರತಿಭೆಗಳನ್ನು ಹುಡುಕಲು ಊರೂರಿಗೆ ಜನರನ್ನು ಕಳುಹಿಸಿದರು. ಮ್ಯಾಂಚೆಸ್ಟರ್ ಸಿಟಿಯವರ ಬಳಿ ಅಭ್ಯಾಸ ಮಾಡುತ್ತಿದ್ದ ರಯಾನ್ ಗಿಗ್ಸ್ ಎಂಬ ಹುಡುಗನ 14ನೇ ಹುಟ್ಟುಹಬ್ಬದ ದಿನ, ಅಂದರೆ 1987ರ ನವೆಂಬರಿನಲ್ಲಿ, ತಾವೇ ಅವನ ಮನೆಯ ಬಾಗಿಲಿಗೆ ಹೋಗಿ ತಮ್ಮ ಕ್ಲಬ್ಬಿಗೆ ಸಹಿ ಹಾಕಿಸಿಕೊಂಡರು. ಬೆಡ್‌ಶೀಟಿನ ಬ್ಯಾನರ್ ಮೇಲೆದ್ದಾಗ ಗಿಗ್ಸ್‌ಗೆ ಇನ್ನೂ 16 ವರ್ಷ. 1992ರಲ್ಲಿ ಗಿಗ್ಸ್, ಡೇವಿಡ್ ಬೆಕಮ್, ನಿಕಿ ಬಟ್, ಗ್ಯಾರಿ ನೆವಿಲ್ ಮೊದಲಾದ ಹುಡುಗರು ಎಫ್.ಎ. ಯೂತ್ ಕಪ್ ಗೆದ್ದರು. 1999ರ ಮೂರು ಕಪ್‌ಗಳಿಗೆ ಬುನಾದಿ ಹಾಕಿದ್ದು ಆ ಹುಡುಗರೇ.

ತೆಂಗಿನ ಸಸಿ ನೆಟ್ಟವನು ಮೂರನೇ ವರ್ಷಕ್ಕೆ ಕಾಯಿ ಎಲ್ಲಿ ಎಂದು ಕೇಳುವುದಿಲ್ಲ. ಆದರೆ ಹೊಸ ಗರಿ ಬರುತ್ತಿದೆಯೇ ಎಂದು ಖಂಡಿತ ನೋಡುತ್ತಾನೆ. ಯುನೈಟೆಡ್ ಕ್ಲಬ್ಬಿನವರು ಕಾಯಿ ಇಲ್ಲದಾಗಲೂ ಗರಿ ಕಂಡರು.

ಎರಡು ವಿಮಾನ, ಎರಡು ಮಾತು

ಹಾಗಾದರೆ ಎಲ್ಲ ಕೋಚ್‌ಗಳಿಗೂ ಹೀಗೆಯೇ ಕಾಯಬೇಕೇ? ತಂಡ ಸೋಲುತ್ತಿರುವ ಯಾವುದೇ ಕೋಚನ ಪರ ಮಾತನಾಡುವವರು ಇಂದಿಗೂ ಮೊದಲು ಎತ್ತುವ ಹೆಸರು ಫರ್ಗುಸನ್. ಕಾದು ಕೆಟ್ಟವರ ಹೆಸರನ್ನು ಅವರು ಹೇಳುವುದಿಲ್ಲ. ಅದನ್ನೂ ಹೇಳಿದರೆ ಮಾತ್ರ ಲೆಕ್ಕ ಸರಿಯಾದೀತು.

ಲಂಡನ್ನಿನ ಆರ್ಸೆನಲ್ ತಂಡಕ್ಕೆ 1996ರಲ್ಲಿ ಬಂದವರು ಫ್ರಾನ್ಸಿನ ಆರ್ಸೆನ್ ವೆಂಗರ್. ಆಟಗಾರರ ಊಟ, ಅಭ್ಯಾಸ, ಆಟದ ರೀತಿ ಎಲ್ಲವನ್ನೂ ಬದಲಿಸಿದರು. 1998 ಮತ್ತು 2002ರಲ್ಲಿ ಲೀಗ್ ಹಾಗೂ ಎಫ್.ಎ. ಕಪ್ ಎರಡನ್ನೂ ಗೆದ್ದರು. 2003-04ರಲ್ಲಿ 38 ಲೀಗ್ ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಪ್ರಶಸ್ತಿ ಪಡೆದರು. 2006ರಲ್ಲಿ ಕ್ಲಬ್ಬು ಹೊಸ ಮೈದಾನ ಕಟ್ಟಿ ಸಾಲದಲ್ಲಿದ್ದಾಗ, ಕಡಿಮೆ ಹಣದಲ್ಲೇ ತಂಡವನ್ನು ಮೇಲಿನ ಸ್ಥಾನಗಳಲ್ಲಿ ಉಳಿಸಿದರು. 20 ಋತುಗಳ ಕಾಲ ತಂಡ ಮೊದಲ ನಾಲ್ಕರಿಂದ ಕೆಳಗಿಳಿಯಲಿಲ್ಲ. ಆದರೆ 2004ರ ನಂತರ ಅವರಿಗೆ ಲೀಗ್ ಪ್ರಶಸ್ತಿ ಒಲಿಯಲೇ ಇಲ್ಲ. ಇತ್ತ ಟಿಕೆಟ್ ದರ ಮಾತ್ರ ಇಂಗ್ಲೆಂಡಿನಲ್ಲೇ ಅತಿ ದುಬಾರಿಯಾದವುಗಳಲ್ಲಿ ಒಂದು.

2017ರ ಫೆಬ್ರವರಿ-ಮಾರ್ಚ್‌ನಲ್ಲಿ ಜರ್ಮನಿಯ ಬಯರ್ನ್ ಮ್ಯೂನಿಕ್ ಎದುರಿನ ಎರಡು ಪಂದ್ಯಗಳಲ್ಲೂ 5-1ರ ಸೋಲು. ಮಾರ್ಚ್ 18ರಂದು ವೆಸ್ಟ್ ಬ್ರಾಮ್ವಿಚ್ ಎದುರು ಆಟ ನಡೆಯುತ್ತಿದ್ದಾಗ ಮೈದಾನದ ಮೇಲೆ ಒಂದು ಪುಟ್ಟ ವಿಮಾನ ಹಾರಿತು. ವೆಂಗರ್ ಒಪ್ಪಂದ ಮುಂದುವರಿಸಬೇಡಿ ಎಂಬ ಬ್ಯಾನರ್ ಅದರ ಬಾಲಕ್ಕೆ ಕಟ್ಟಿತ್ತು. ಇನ್ನೊಂದು ವಿಮಾನವೂ ಬಂತು. ನಮಗೆ ವೆಂಗರ್ ಮೇಲೆ ನಂಬಿಕೆ ಇದೆ ಎಂದು ಅದರ ಬ್ಯಾನರ್. ಕೆಳಗೆ ತಂಡ 3-1ರಿಂದ ಸೋಲುತ್ತಿತ್ತು, ಮೇಲೆ ಅದರ ಅಭಿಮಾನಿಗಳು ಕೈಯಿಂದ ಹಣ ಹಾಕಿ ಜಗಳವಾಡುತ್ತಿದ್ದರು! ಒಂದೇ ಮನೆಯ ಅಣ್ಣತಮ್ಮಂದಿರ ನಡುವೆಯೂ ಇಂಥ ವಾದ ಆಗಿರಬೇಕು.

ಆ ಮೇ ತಿಂಗಳಲ್ಲಿ ವೆಂಗರ್ ಎಫ್.ಎ. ಕಪ್ ಗೆದ್ದರು. ನಾಲ್ಕೇ ದಿನಗಳಲ್ಲಿ ಇನ್ನೆರಡು ವರ್ಷಗಳ ಒಪ್ಪಂದಕ್ಕೆ ಸಹಿ ಬಿತ್ತು. ಆದರೆ ಮುಂದಿನ ಋತುವಿನಲ್ಲಿ ತಂಡ 6ನೇ ಸ್ಥಾನಕ್ಕೆ ಇಳಿಯಿತು. ಟಿಕೆಟ್ ಕೊಂಡವರೂ ಬರದೆ ಮೈದಾನದಲ್ಲಿ ಕುರ್ಚಿಗಳು ಖಾಲಿ ಉಳಿದವು. ಕೂಗುತ್ತಿದ್ದವರು ಸುಮ್ಮನಾಗಿ ಮನೆಯಲ್ಲೇ ಕುಳಿತದ್ದು ಕ್ಲಬ್ಬಿಗೆ ಹೆಚ್ಚು ನೋವಿನ ಸಂಗತಿ. 2018ರ ಏಪ್ರಿಲ್‌ನಲ್ಲಿ ವೆಂಗರ್ ತಾವು ಹೊರಡುವುದಾಗಿ ತಿಳಿಸಿದರು. ಮೇ 6ರ ಕೊನೆಯ ತವರು ಪಂದ್ಯದಲ್ಲಿ ಅದೇ ಜನ ಎದ್ದು ನಿಂತು ಅವರಿಗೆ ಕೃತಜ್ಞತೆ ಹೇಳಿದರು.

ಇಲ್ಲಿ ಕ್ಲಬ್ಬು ಕಾದದ್ದು ಬಹುಪಾಲು ಹಿಂದಿನ ಉಪಕಾರದ ನೆನಪಿನಿಂದ ಎಂದು ನಮಗನಿಸುತ್ತದೆ. ಕೃತಜ್ಞತೆ ದೊಡ್ಡ ಗುಣವೇ. ಆದರೆ ಹಿರಿಯರನ್ನು ಗೌರವಿಸುವುದು ಬೇರೆ, ಅವರಿಂದ ಆಗದ ಹೊರೆಯನ್ನು ಅವರ ತಲೆಯ ಮೇಲೆಯೇ ಬಿಡುವುದು ಬೇರೆ.

ಮನಸ್ಸು ಗಟ್ಟಿಯಿಲ್ಲದೆ ಕಾಯುವುದು

ಫರ್ಗುಸನ್ 2013ರಲ್ಲಿ ಬೀಳ್ಕೊಡುವಾಗ ಓಲ್ಡ್ ಟ್ರಾಫರ್ಡಿನ ಜನರಿಗೆ ಒಂದು ಮಾತು ನೆನಪಿಸಿದರು. ಕಷ್ಟಕಾಲದಲ್ಲಿ ಕ್ಲಬ್ಬು ನನ್ನ ಬೆನ್ನಿಗೆ ನಿಂತಿತ್ತು, ಹೊಸ ಮ್ಯಾನೇಜರ್ ಬೆನ್ನಿಗೆ ನೀವು ನಿಲ್ಲಿ, ಎಂಬುದು ಅದರ ಸಾರ. ಆ ಹೊಸಬರಾದ ಡೇವಿಡ್ ಮಾಯ್ಸ್‌ಗೆ ಕೊಟ್ಟದ್ದು ಆರು ವರ್ಷಗಳ ಒಪ್ಪಂದ. ಕಳುಹಿಸಿದ್ದು ಹತ್ತು ತಿಂಗಳೊಳಗೆ.

ಮತ್ತೆ ಹತ್ತು ವರ್ಷಗಳ ನಂತರ ಇದಕ್ಕೆ ವಿರುದ್ಧವಾದ ತಪ್ಪು ಅದೇ ಕ್ಲಬ್ಬಿನಲ್ಲಿ ನಡೆಯಿತು. ನೆದರ್‌ಲ್ಯಾಂಡ್ಸಿನ ಎರಿಕ್ ಟೆನ್ ಹಾಗ್ ಅವರ ಕೈಯಲ್ಲಿ ತಂಡ 2023-24ರಲ್ಲಿ 8ನೇ ಸ್ಥಾನಕ್ಕೆ ಇಳಿದಿತ್ತು. 1992ರಲ್ಲಿ ಪ್ರೀಮಿಯರ್ ಲೀಗ್ ಆರಂಭವಾದಂದಿನಿಂದ ಅಷ್ಟು ಕೆಳಗೆ ಅದು ಹೋಗಿರಲಿಲ್ಲ. ಆದರೆ 2024ರ ಮೇ 25ರಂದು ಎಫ್.ಎ. ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 2-1ರಿಂದ ಸೋಲಿಸಿತು. ತೆಗೆಯಬೇಕೆಂದಿದ್ದ ಅಭಿಮಾನಿಗಳೂ ಅರೆ ಮನಸ್ಸಿನವರಾದರು. ಕ್ಲಬ್ಬಿನವರು ಬೇರೆ ಕೋಚ್‌ಗಳನ್ನು ವಿಚಾರಿಸಿ ನೋಡಿ, ಕೊನೆಗೆ ಇವರನ್ನೇ ಉಳಿಸಿಕೊಂಡರು. ಜುಲೈಯಲ್ಲಿ ಒಪ್ಪಂದವನ್ನು 2026ರವರೆಗೆ ವಿಸ್ತರಿಸಿದರು. ಹೊಸ ಆಟಗಾರರನ್ನು ಕೊಂಡರು. ಅಕ್ಟೋಬರ್ 28ರಂದು, ತಂಡ 14ನೇ ಸ್ಥಾನದಲ್ಲಿದ್ದಾಗ, ಅವರನ್ನು ಕಳುಹಿಸಿದರು. ಅದಕ್ಕಾಗಿ ಕ್ಲಬ್ಬಿಗೆ ಸುಮಾರು 1 ಕೋಟಿ ಪೌಂಡ್ ಖರ್ಚಾಯಿತು. ಬದಲಿಗೆ ಬಂದ ರೂಬೆನ್ ಅಮೋರಿಮ್ ಕೈಯಲ್ಲಿ ಆ ಋತು 15ನೇ ಸ್ಥಾನದಲ್ಲಿ ಮುಗಿಯಿತು. ಕೋಚ್ ಬದಲಾದ ಮಾತ್ರಕ್ಕೆ ಕಾಯಿಲೆ ಗುಣವಾಗುವುದಿಲ್ಲ ಎಂಬುದಕ್ಕೂ ಇದೇ ಸಾಕ್ಷಿ.

ಇಲ್ಲಿ ನಡೆದದ್ದು ತಾಳ್ಮೆಯಲ್ಲ. ಒಂದು ದಿನದ ಗೆಲುವನ್ನು ಕಂಡು ನಿರ್ಧಾರವನ್ನು ಮುಂದೂಡಿದ್ದು. ಉಳಿಸಿಕೊಂಡವರಿಗೇ ಪೂರ್ಣ ನಂಬಿಕೆ ಇರಲಿಲ್ಲ ಎಂದು ಎಲ್ಲರಿಗೂ ಗೊತ್ತಾದ ಮೇಲೆ, ಆ ಕೋಚನ ಮಾತನ್ನು ಆಟಗಾರರಾದರೂ ಹೇಗೆ ಕೇಳಿಯಾರು?

ನಾವು ಕೇಳಿಕೊಳ್ಳಬೇಕಾದದ್ದು

ಹೀಗೆ ಮೂರು ಬಗೆಯ ಕಾಯುವಿಕೆಯನ್ನು ನೋಡಿದೆವು. ಒಳಗೆ ನಡೆಯುವ ಕೆಲಸವನ್ನು ಕಂಡು ಕಾಯುವುದು, ಹಳೆಯ ಋಣಕ್ಕಾಗಿ ಕಾಯುವುದು, ನಿರ್ಧರಿಸಲು ಧೈರ್ಯ ಸಾಲದೆ ಕಾಯುವುದು. ಹೊರಗೆ ನಿಂತವರಿಗೆ ಮೂರೂ ಒಂದೇ ತರಹ ಕಾಣುತ್ತವೆ. ಅಭಿಮಾನಿಗಳು ಕೆರಳುವುದು ಅದಕ್ಕೇ. ಆಡಳಿತದವರು ತಾವು ಕಂಡದ್ದನ್ನು ಜನರ ಮುಂದೆ ಬಿಚ್ಚಿ ಹೇಳಿದ್ದರೆ ಅರ್ಧ ಸಿಟ್ಟು ಇಳಿಯುತ್ತಿತ್ತೇನೋ.

ನಮ್ಮ ಮನೆಗಳಲ್ಲೂ ಹೀಗೆಯೇ ಅಲ್ಲವೇ? ಅಂಕಪಟ್ಟಿಯಲ್ಲಿ ಕೆಂಪು ಗೆರೆ ಕಂಡ ಕೂಡಲೇ ಮಗುವಿನ ಮೇಲೆ ಎಗರುತ್ತೇವೆ. ರಾತ್ರಿ ಅದು ಪುಸ್ತಕದ ಮುಂದೆ ಕುಳಿತಿತ್ತೇ, ಹೋದ ವರ್ಷ ಬಾರದ ಲೆಕ್ಕ ಈ ವರ್ಷ ಬರುತ್ತಿದೆಯೇ ಎಂದು ನೋಡುವುದಿಲ್ಲ. ಇನ್ನು ಕೆಲವೆಡೆ ಏನೂ ನಡೆಯದಿದ್ದರೂ "ನೋಡೋಣ, ಸರಿಹೋದೀತು" ಎಂದು ವರ್ಷಗಟ್ಟಲೆ ಸುಮ್ಮನಿರುತ್ತೇವೆ. ಹೊಸ ಗರಿ ಕಾಣುತ್ತಿದೆಯೇ? ನಾವು ಕಾಯುತ್ತಿರುವುದು ಅವನಿಗಾಗಿಯೇ, ಇಲ್ಲ ನಮ್ಮ ಅಂಜಿಕೆಗಾಗಿಯೇ? ಈ ಎರಡು ಪ್ರಶ್ನೆ ಕೇಳಿಕೊಂಡರೆ ತಾಳ್ಮೆಗೂ ಉದಾಸೀನಕ್ಕೂ ಇರುವ ವ್ಯತ್ಯಾಸ ತಿಳಿದೀತು.

ಬೆಡ್‌ಶೀಟು ಹಿಡಿದಿದ್ದ ಆ ಅಭಿಮಾನಿ ಕ್ಲಬ್ಬು ಬಿಟ್ಟು ಹೋಗಲಿಲ್ಲ. ಫರ್ಗುಸನ್ ಕಪ್ ಮೇಲೆ ಕಪ್ ಗೆದ್ದ ಕಾಲದಲ್ಲೂ ಅದೇ ತಂಡಕ್ಕಾಗಿ ಕೂಗಿದ. 2011ರಲ್ಲಿ ಓಲ್ಡ್ ಟ್ರಾಫರ್ಡಿನ ಒಂದು ಇಡೀ ಪ್ರೇಕ್ಷಕ ಗ್ಯಾಲರಿಗೆ ಫರ್ಗುಸನ್ ಹೆಸರನ್ನೇ ಇಟ್ಟರು. ಅಂದು ಹೋಗಿ ಬಾ ಎಂದವನೂ ಅವರು ಹೋಗದೆ ಉಳಿದದ್ದರ ಸಂತೋಷದಲ್ಲಿ ಪಾಲು ಪಡೆದ.

ಆದ್ದರಿಂದ ಮುಂದಿನ ಶನಿವಾರ ನಿಮ್ಮ ಮನೆಯ ಹುಡುಗ ತಟ್ಟೆ ಸರಿಸಿ ಎದ್ದರೆ ಬೈಯಬೇಡಿ. "ಆ ಕೋಚ್ ಏನು ಕಟ್ಟುತ್ತಿದ್ದಾನೆ, ಹೇಳು ನೋಡೋಣ" ಎಂದು ಪಕ್ಕದಲ್ಲಿ ಕುಳಿತು ಕೇಳಿ. ಅವನು ಹೇಳತೊಡಗಿದರೆ ಅನ್ನವೂ ಒಳಗೆ ಹೋದೀತು.