ಕುದುರೆ ವ್ಯಾಪಾರಿಯ ಮನೆತನ

ಮೈಸೂರು ಸಂಸ್ಥಾನದ ದಿವಾನರ ಸಾಲಿನಲ್ಲಿ ಪೂರ್ಣಯ್ಯ, ರಂಗಾಚಾರ್ಲು, ವಿಶ್ವೇಶ್ವರಯ್ಯ ಮೊದಲಾದವರೊಡನೆ ಸರ್ ಮಿರ್ಜಾ ಇಸ್ಮಾಯಿಲ್ ಅವರ ಹೆಸರೂ ಸೇರಿದೆ. ಈ ಮಹನೀಯರ ಅಜ್ಜ ನಮ್ಮ ನಾಡಿನಲ್ಲಿ ಹುಟ್ಟಿದವರಲ್ಲ. ಕುದುರೆಗಳನ್ನು ಮಾರಲು ಪರದೇಶದಿಂದ ಬಂದವರು.

ಅವರ ಹೆಸರು ಅಗಾ ಅಲಿ ಅಸ್ಕರ್. ಪರ್ಷಿಯಾ, ಎಂದರೆ ಇಂದಿನ ಇರಾನ್ ದೇಶದ ಶಿರಾಜ್ ನಗರದವರು. 1824ರ ಸುಮಾರಿಗೆ, ಇನ್ನೂ 16ರ ಹರೆಯದಲ್ಲಿ, ಬೆಂಗಳೂರಿಗೆ ಬಂದರು. ದಕ್ಷಿಣ ಭಾರತದ ಹವೆ ಉತ್ತಮ ತಳಿಯ ಕುದುರೆಗಳಿಗೆ ಚೆನ್ನಾಗಿ ಒಗ್ಗದು. ಆದುದರಿಂದ ವಿಜಯನಗರದ ಅರಸರ ಕಾಲದಲ್ಲಿಯೂ ಅವು ಅರಬಸ್ಥಾನ, ಪರ್ಷಿಯಾಗಳಿಂದ ಹಡಗಿನಲ್ಲಿ ಬರುತ್ತಿದ್ದವು. 1809ರಲ್ಲಿ ಬೆಂಗಳೂರಿನಲ್ಲಿ ಇಂಗ್ಲಿಷರ ದಂಡು ನೆಲೆಯೂರಿದ ಮೇಲೆ ಅಲ್ಲಿಯೂ ಕುದುರೆಗಳಿಗೆ ಬೇಡಿಕೆ ಉಂಟಾಯಿತು.

ಗದಗ ಬೆಟಗೇರಿಯ ಹತ್ತಿ ಪೇಟೆಯನ್ನು ಕಂಡವರು ಬಲ್ಲರು, ಅರಳೆಯ ಗುಣವನ್ನು ಎಳೆ ಹಿಡಿದು ನೋಡಿ ಅಲ್ಲಿಯೇ ಹೇಳಿಬಿಡಬಹುದು. ಕುದುರೆಯ ದೋಷವಾದರೋ ಕೊಂಡು ತಿಂಗಳು ಕಳೆದ ಮೇಲೆ ಬಯಲಾಗುವಂಥದು. ಆ ವ್ಯಾಪಾರದಲ್ಲಿ ಮಾರುವವನ ನಡತೆಯೇ ಬಂಡವಾಳ. ಅಲಿ ಅಸ್ಕರರು ಈ ಬಂಡವಾಳವನ್ನು ಗಳಿಸಿದರು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಕುದುರೆಗಳ ಮೇಲೆ ಬಹು ಪ್ರೀತಿಯುಳ್ಳವರು; ಅವರ ವಿಶ್ವಾಸ ದೊರೆಯಿತು. ದಂಡು ಪ್ರದೇಶದಲ್ಲಿ ಬಂಗಲೆಗಳನ್ನು ಕಟ್ಟಿಸುವ ಕೆಲಸವೂ ಕೈಗೆ ಬಂದಿತು. ಮಾರಾಟ ಮುಗಿಸಿ ಹಿಂತಿರುಗಬೇಕಾಗಿದ್ದ ತರುಣನು ಇಲ್ಲಿಯವನೇ ಆಗಿ, 1891ರಲ್ಲಿ ತೀರಿಕೊಂಡನು. ಮಗ ಅಗಾ ಜಾನ್ ಅರಮನೆಯ ಸೇವೆಗೆ ಸೇರಿದರು.

ಅಗಾ ಜಾನರ ಮಗನೇ ಮಿರ್ಜಾ, 1883ರಲ್ಲಿ ಜನಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಬಾಲ್ಯದಲ್ಲಿ ಇವರ ಸಹಪಾಠಿಗಳು. ಮುಂದೆ ಮಹಾರಾಜರ ಆಪ್ತ ಕಾರ್ಯದರ್ಶಿಯಾಗಿ, 1926ರಲ್ಲಿ ದಿವಾನರಾದರು.

ಎರಡೇ ವರ್ಷಕ್ಕೆ ಕಠಿಣ ಪರೀಕ್ಷೆಯೊದಗಿತು. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯೊಂದರ ಗಣಪತಿಯ ವಿಚಾರವಾಗಿ ಗಲಭೆ ಎದ್ದಾಗ, ದಿವಾನರ ಮತವನ್ನೇ ಮುಂದಿಟ್ಟು ಅವರನ್ನು ಶಂಕಿಸಿದವರುಂಟು. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. ಮಹಾರಾಜರು ಮಾತ್ರ ಗೆಳೆಯನನ್ನು ಕೈಬಿಡಲಿಲ್ಲ. ಮಿರ್ಜಾ ಅವರು ಇನ್ನೂ 13 ವರ್ಷ ಅಧಿಕಾರದಲ್ಲಿದ್ದರು. ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ, ಬೆಂಗಳೂರಿನ ವಿಮಾನ ಕಾರ್ಖಾನೆ ಆ ಕಾಲದಲ್ಲಿ ಹುಟ್ಟಿದವು. ಮುಂಜಾನೆ ಕುದುರೆಯೇರಿ ಬೀದಿಗಳನ್ನು ಸುತ್ತಿ, ಚರಂಡಿ, ದೀಪ, ಉದ್ಯಾನಗಳನ್ನು ತಾವೇ ನೋಡುತ್ತಿದ್ದರು. ಅಜ್ಜ ಮಾರಲು ತಂದ ಪ್ರಾಣಿಯೇ ಮೊಮ್ಮಗನಿಗೆ ರಾಜ್ಯಭಾರದ ಸಾಧನವಾದದ್ದು ಸೊಗಸಲ್ಲವೆ! ಆದರೂ ಊರನ್ನು ಅಂದಗೊಳಿಸಿದಷ್ಟು ಸುಲಭವಾಗಿ ಪ್ರಜೆಗಳಿಗೆ ಅಧಿಕಾರ ಕೊಡಲು ಅವರ ಸರ್ಕಾರ ಒಪ್ಪಲಿಲ್ಲ. 1938ರಲ್ಲಿ ವಿದುರಾಶ್ವತ್ಥದಲ್ಲಿ ಧ್ವಜಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಗುಂಡು ಹಾರಿದ್ದು ಅವರ ಆಡಳಿತದಲ್ಲಿಯೇ.

ಮಹಾರಾಜರು 1940ರಲ್ಲಿ ನಿಧನರಾದರು. ಮರುವರ್ಷ ಮಿರ್ಜಾ ಪದವಿಯನ್ನು ಬಿಟ್ಟರು. ಬಳಿಕ ಜಯಪುರದಲ್ಲಿ ದಿವಾನರಾಗಿ, ಆ ಮೇಲೆ ಹೈದರಾಬಾದಿನಲ್ಲಿ ಸ್ವಲ್ಪ ಕಾಲ ಪ್ರಧಾನಿಯಾಗಿ ಕೆಲಸ ಮಾಡಿ, 1959ರಲ್ಲಿ ನಿಧನರಾದರು. ಜಯಪುರದ ಹೆದ್ದಾರಿಯೊಂದು ಮೊಮ್ಮಗನ ಹೆಸರಿನಲ್ಲಿದೆ. ಬೆಂಗಳೂರಿನ ರಸ್ತೆಯೊಂದು ಅಲಿ ಅಸ್ಕರರ ಹೆಸರಿನಲ್ಲಿದೆ.