ಕಟ್ಟಿಂಗೇರಿಯಿಂದ ಕಲಾ ಇತಿಹಾಸ

ಶಂಕರಪುರದವರೇ, ಮಲ್ಲಿಗೆ ಅಟ್ಟೆ ಕಟ್ಟಿ ಕೊಟ್ಟಾಯ್ತಲ್ಲ, ಸಂಜೆ ಬಿಡುವಿದೆಯಾ? ಭಾರತದ ಕಲಾ ಇತಿಹಾಸವನ್ನು ಇಲ್ಲೇ ಹತ್ತಿರದ ಕಟ್ಟಿಂಗೇರಿಯಿಂದ ಶುರು ಮಾಡೋಣ.

ಚಿತ್ರಕಲಾವಿದ ಕೆ.ಕೆ. ಹೆಬ್ಬಾರ್ 1911ರಲ್ಲಿ ಹುಟ್ಟಿದ್ದು ಅಲ್ಲಿ. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಪಾಶ್ಚಾತ್ಯ ಪದ್ಧತಿ ಕಲಿತರು. ಅಷ್ಟಕ್ಕೇ ತೃಪ್ತರಾಗದೆ ಜೈನ ಹಸ್ತಪ್ರತಿಗಳ ಚಿತ್ರ, ಮೊಘಲ್ ಚಿಕಣಿಗಳತ್ತ ತಿರುಗಿದರು. ಆಮೇಲೆ ಪ್ಯಾರಿಸ್‌ಗೂ ಹೋದರು. ಹೀಗೆ ಒಬ್ಬರ ಬೆನ್ನು ಹತ್ತಿದರೆ ಎಷ್ಟೊಂದು ಶತಮಾನ ತೆರೆದುಕೊಳ್ಳುತ್ತದೆ ನೋಡಿ!

ಅವರ ರೇಖಾಚಿತ್ರಗಳಂತೂ ಅದ್ಭುತ. ಕುಣಿಯುವ ಮೈ ನಾಲ್ಕಾರು ಗೆರೆಗಳಲ್ಲೇ ಬಂದುಬಿಡುತ್ತದೆ. ಲಯ ಹಿಡಿಯಲೆಂದೇ ಅವರು ಕಥಕ್ ಕೂಡ ಕಲಿತಿದ್ದರು.

ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿಯಿದೆ. ಇಂಥ ಕಡೆ ಸಂಜೆ ಪಾಠ ನಡೆಯಬೇಕು. ದುಡಿಯುವವರಿಗೆ ಕಲಿಯಲು ಸಿಗುವ ಹೊತ್ತೇ ಅದು. ಗ್ಯಾಲರಿಗೆ ಹೋದಾಗ ಒಂದೇ ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಿ. ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ಹುಡುಕಿ.